ಕಡತ ಹಾಳಾಗಿದೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಐದಕ್ಕೆ ಎದ್ದು ಕಂಪ್ಯೂಟರ್ ತೆರೆದರೆ ಹದಿನೇಳು ದೂರುಗಳು. ನಿನ್ನೆ ಮಲಗುವಾಗ ಒಂದೂ ಇರಲಿಲ್ಲ. ನಾನು ಕಣ್ಣು ಮುಚ್ಚುವುದನ್ನೇ ಕಾಯುತ್ತಿರುತ್ತಾರೋ ಏನೋ.

ಆದದ್ದು ಇಷ್ಟು. ನಮ್ಮ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಮಹಾನುಭಾವರು ಶನಿವಾರ ಹೊಸ ಆವೃತ್ತಿ ಬಿಟ್ಟಿದ್ದಾರೆ. ಬಿಡುವಾಗ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿದ್ದ ಹಳೆಯ ಸೌಕರ್ಯವೊಂದನ್ನು ಕಿತ್ತು ಎಸೆದಿದ್ದಾರೆ. ನನ್ನ ಲೈಬ್ರರಿ 'ಗಂಟು' ಅದರ ಮೇಲೇ ನಿಂತಿತ್ತು. ಕಿತ್ತವರು ಅವರು, ಉಗಿಸಿಕೊಳ್ಳುವವಳು ನಾನು. "ನಿಮ್ಮ ಲೈಬ್ರರಿ ಕೆಲಸ ಮಾಡುತ್ತಿಲ್ಲ, ತುರ್ತಾಗಿ ಸರಿಪಡಿಸಿ" ಎಂದು ಒಬ್ಬ. "ಇದನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೋ, ಇಲ್ಲ ಸತ್ತಿದ್ದಾರೋ?" ಎಂದು ಇನ್ನೊಬ್ಬ. ಸತ್ತಿಲ್ಲ ಮಹಾರಾಯ, ಹಲ್ಲುಜ್ಜುತ್ತಿದ್ದೇನೆ.

ಅತ್ತೆ ಎದ್ದು ಬಂದು, "ಬೆಳಬೆಳಿಗ್ಗೆ ಯಾರ ಮನೆ ಗಂಟು ಬಿಚ್ತಾ ಇದೀಯ?" ಎಂದರು. ಹತ್ತೊಂಬತ್ತು ವರ್ಷದಿಂದ ಇದನ್ನೇ ಕೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಸಾವಿರ ಕಡತ ಕೊಟ್ಟರೆ ಒತ್ತಿ ಕಟ್ಟಿ ಒಂದೇ ಗಂಟು ಮಾಡುವ, ಬೇಕೆಂದಾಗ ಬಿಚ್ಚಿ ಕೊಡುವ ಲೈಬ್ರರಿ ಅತ್ತೆ, ನಾನೇ ಬರೆದದ್ದು, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು, ಎಲ್ಲೆಲ್ಲೋ ಸೇರಿಸಿಕೊಂಡಿದ್ದಾರೆ, ಹೆಸರೇ ಗಂಟು. ಅವರು ಇವತ್ತೂ ಪೂರ್ತಿ ಕೇಳಿದರು. ಕೇಳಿ, ಅಷ್ಟೊಂದು ಜನಕ್ಕೆ ಬೇಕಾದ್ದನ್ನು ನೀನೊಬ್ಬಳೇ ಯಾಕೆ ಹೊತ್ತುಕೊಂಡಿದ್ದೀಯ ಎಂದರು. ಅದಕ್ಕೇ ಸಿಟ್ಟು ಬಂತು.

ಎಂಟಕ್ಕೆ ಡಿಪೋಗೆ ಹೋದೆ. ಬಸ್ ಚಾಲಕರ ಸರದಿ ಪಟ್ಟಿ ಮಾಡುವುದು ನನ್ನ ಹೊಟ್ಟೆಪಾಡು. ಅಲ್ಲಿ ಮೂವರು ಕಾಯುತ್ತಿದ್ದರು, ಮೂವರಿಗೂ ಒಂದೇ ದಿನ ರಜೆ ಬೇಕಂತೆ. ಭೂಮಿಯ ಮೇಲೆ ದೂರು ಹೇಳುವುದಕ್ಕೆ ನಾನೊಬ್ಬಳೇ ಸಿಗುವುದು.

ಮಾರ್ಚ್ 5, ಬುಧವಾರ

ಹದಿನಾರು ದೂರು ಮುಗಿಸಿದೆ. ಬೆಳಗಿನ ಹೊತ್ತು ಮೂರು ಮೂರು ಗಂಟೆ, ಮೇಲೆ ಡಿಪೋದ ಊಟದ ಬಿಡುವು. ಸರಿಹೋಯಿತು ಎಂದು ತಿಳಿಸಿದವರು ಇಬ್ಬರು. ಉಳಿದ ಹದಿನಾಲ್ಕು ಜನ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ಸಲ ಕೆಟ್ಟಾಗ ಬಾಯಿ ಬರುತ್ತದೆ, ಗೊತ್ತಿದೆ.

ಹದಿನೇಳನೆಯದಕ್ಕೂ ಹೊಸ ಆವೃತ್ತಿಗೂ ಸಂಬಂಧವಿಲ್ಲ. ಬರೆದವನು ತನ್ನನ್ನು 'ದಾಖಲೆ ಕೋಣೆ' ಎಂದು ಕರೆದುಕೊಳ್ಳುತ್ತಾನೆ. ಯಾವುದೋ ಹೆರಿಗೆ ಆಸ್ಪತ್ರೆಯ ಆಸಾಮಿ. ಹನ್ನೊಂದು ವರ್ಷದ ಜನನ ದಾಖಲೆಗಳನ್ನು ಹಿಂದೆ ಯಾರೋ ಗಂಟು ಕಟ್ಟಿಟ್ಟಿದ್ದರಂತೆ, ಒಟ್ಟು ನಾನೂರ ಹನ್ನೆರಡು. ಕಾಗದದ ಪುಸ್ತಕಗಳು ನೆಲಮಾಳಿಗೆಗೆ ನೀರು ನುಗ್ಗಿ ಕೊಳೆತುಹೋಗಿವೆ. ಈಗ ಗಂಟು ಬಿಚ್ಚಲು ಹೋದರೆ "ಕಡತ ಹಾಳಾಗಿದೆ" ಎನ್ನುತ್ತದಂತೆ. ತೆರೆಯಲಾಗದ್ದನ್ನೆಲ್ಲ ಮೂವತ್ತೊಂದರೊಳಗೆ ಅಳಿಸಿ ಡಿಸ್ಕು ಖಾಲಿ ಮಾಡಬೇಕೆಂದು ಮೇಲಿನವರ ಆದೇಶವಂತೆ. ಅಳಿಸಿಬಿಟ್ಟರೆ ಮೂವತ್ತು ಸಾವಿರ ಮಕ್ಕಳಿಗೆ ತಾವು ಯಾವತ್ತು, ಯಾರ ಹೊಟ್ಟೆಯಲ್ಲಿ ಹುಟ್ಟಿದೆವು ಎನ್ನುವುದಕ್ಕೆ ಒಂದು ಗುರುತೂ ಇರುವುದಿಲ್ಲ ಎಂದು ಗೋಳು. ಒಂದೂವರೆ ಪುಟ ಬರೆದಿದ್ದಾನೆ. ಮೊದಲ ಪ್ಯಾರಾ ಓದಿ ಕೊನೆಯದಕ್ಕೆ ಹಾರಿದೆ. ಎಲ್ಲರದೂ ಇದೇ ಕಥೆ, ಎಲ್ಲರಿಗೂ ತಿಂಗಳ ಕೊನೆಯೇ ಗಡುವು.

ಗಂಟು ಕಟ್ಟುವಾಗ ಒಳಗಿರುವುದನ್ನೆಲ್ಲ ಎಣಿಸಿ ಒಂದು ಸಂಖ್ಯೆ ಬರೆದಿಡುತ್ತದೆ. ಬಿಚ್ಚುವಾಗ ಮತ್ತೆ ಎಣಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಕಡತ ಹಾಳಾಗಿದೆ ಎಂದೇ ಅರ್ಥ. ಡಿಸ್ಕು ಕೆಟ್ಟಿರುತ್ತದೆ, ಇಲ್ಲವೇ ಅರ್ಧಂಬರ್ಧ ನಕಲಾಗಿರುತ್ತದೆ. ತಾವು ಹಾಳು ಮಾಡಿಕೊಂಡು ನನ್ನ ಬಾಗಿಲು ತಟ್ಟುತ್ತಾರೆ. ಇಂಥವರಿಗೆಂದೇ ಒಂದು ಉತ್ತರ ಬರೆದಿಟ್ಟುಕೊಂಡಿದ್ದೇನೆ, ಅಂಟಿಸಿದರಾಯಿತು: "ತಾಳೆಯಾಗದ ಕಡತ ಹಾಳಾಗಿದೆ. ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಇದಕ್ಕೆ ಲೈಬ್ರರಿ ಹೊಣೆಯಲ್ಲ. ದೂರು ಮುಚ್ಚಲಾಗಿದೆ."

ಮಾರ್ಚ್ 6, ಗುರುವಾರ

ಮುಚ್ಚಿದ್ದನ್ನು ಮತ್ತೆ ತೆರೆದಿದ್ದಾನೆ. "ಸರ್, ನಾನು ಬರೆದದ್ದನ್ನು ದಯವಿಟ್ಟು ಪೂರ್ತಿ ಓದಿ" ಎಂದು.

ಸರ್ ಅಂತೆ. ಹತ್ತೊಂಬತ್ತು ವರ್ಷದಿಂದ ನಾನು ಸರ್. ಅದಿರಲಿ, ನಾನು ಓದಬೇಕಂತೆ. ನಲವತ್ತು ಪುಟದ ಕೈಪಿಡಿ ಬರೆದಿಟ್ಟಿದ್ದೇನೆ, ಉದಾಹರಣೆ ಸಮೇತ, ಮೂರು ಸಲ ತಿದ್ದಿ. ಅದನ್ನು ಓದಿದ ಒಂದು ನರಪಿಳ್ಳೆಯನ್ನು ನಾನು ಕಂಡಿಲ್ಲ. ಎರಡನೇ ಪುಟದಲ್ಲಿರುವುದನ್ನೇ ಎರಡು ದಿನಕ್ಕೊಬ್ಬ ಕೇಳುತ್ತಾನೆ. ಇವನು ಬಂದು ನನಗೆ ಓದಲು ಕಲಿಸುತ್ತಾನೆ.

ಅಂಟಿಸಿದೆ. ಮುಚ್ಚಿದೆ.

ಮಾರ್ಚ್ 11, ಮಂಗಳವಾರ

ಇದು ಮೂರನೇ ಸಲ. ಈ ಬಾರಿ ಮಾದರಿಗೆಂದು ಮೂರು ಗಂಟುಗಳನ್ನೂ ಕಳಿಸಿದ್ದಾನೆ. ನಾನು ಕೇಳಿರಲಿಲ್ಲ. ತೆರೆದೂ ನೋಡಲಿಲ್ಲ.

ಅದಕ್ಕಿಂತ ಮೈ ಉರಿದದ್ದು ಬೇರೆಯದಕ್ಕೆ. ಇವನ ದೂರಿನ ಕೆಳಗೆ ದಾರಿಹೋಕರು ಸೇರಿಕೊಂಡಿದ್ದಾರೆ. "ಈ ಲೈಬ್ರರಿಯವರು ಯಾವಾಗಲೂ ಹೀಗೇ, ಸಿಡುಕು" ಎಂದು ಒಬ್ಬ ಬರೆದಿದ್ದಾನೆ. ಅವನ ಕೆಲಸ ಏನೆಂದು ಹುಡುಕಿ ನೋಡಿದೆ. ಆರು ವರ್ಷದಿಂದ ಗಂಟು ಬಳಸಿ ಹೊಟ್ಟೆ ಹೊರೆಯುತ್ತಿದ್ದಾನೆ. ಆರು ವರ್ಷದಲ್ಲಿ ಅವನಿಂದ ನನಗೆ ಬಂದ ಮೊದಲ ಮಾತು ಇದು. ಸಿಡುಕದೆ ಏನು ಮಾಡಲಿ? ಮನೆ ಕೆಲಸ, ಡಿಪೋ, ಅತ್ತೆಯ ಮೊಣಕಾಲು, ಇವುಗಳ ಸಂದಿಯಲ್ಲಿ ಹೇಗೋ ಮೂರು ಗಂಟೆ ಹೊಂದಿಸಿಕೊಂಡು ಲೋಕದ ಕಡತಗಳನ್ನು ಕಾಯುತ್ತಿದ್ದೇನೆ. ಸಿಡುಕುವುದೊಂದೇ ನನಗೆ ಸಿಗುವ ಬಿಡುವು.

ಅಂಟಿಸಿದೆ. ಮುಚ್ಚಿದೆ.

ಮಾರ್ಚ್ 14, ಶುಕ್ರವಾರ

ಮತ್ತೆ ಬಂತು. "ಸರ್, ಇನ್ನು ಹದಿನೇಳು ದಿನ ಉಳಿದಿದೆ." ಬೇರೇನೂ ಇಲ್ಲ.

ಆಸಾಮಿಯನ್ನು ತಡೆಹಿಡಿದೆ. ಇನ್ನು ಮೇಲೆ ಅವನು ಬರೆದದ್ದು ನನಗೆ ತಲುಪುವುದಿಲ್ಲ. ಎಷ್ಟು ಹಿತವಾಯಿತೆಂದರೆ, ಕಾಫಿ ಎರಡು ಲೋಟ ಕುಡಿದೆ.

ಮಾರ್ಚ್ 16, ಭಾನುವಾರ

ನಮ್ಮ ಯಜಮಾನರು ಮನೆಯ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಾರೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಹಲ್ಲು ಜೋಡಿಸಿ ಕೊಡುತ್ತಾರೆ. ಕೋಣೆ ತುಂಬ ಸುಣ್ಣದಂಥ ಬಿಳಿ ಪುಡಿ, ಎಷ್ಟು ಒರೆಸಿದರೂ ಅಷ್ಟೇ. ಇವತ್ತು ಒಬ್ಬ ಮುದುಕರು ಮೂರನೇ ಸಲ ಬಂದಿದ್ದರು, ಎಡಗಡೆ ಒಸಡಿಗೆ ಒತ್ತುತ್ತದೆ ಎಂದು. ಇವರು ಅವರನ್ನು ಕೂರಿಸಿ, ಕಡ್ಡಿಯಿಂದ ಗುರುತು ಮಾಡಿ, ಉಜ್ಜಿ, ಹಾಕಿ, ತೆಗೆದು, ಮತ್ತೆ ಉಜ್ಜಿ ಒಂದು ಗಂಟೆ ಕಳೆದರು. ಭಾನುವಾರ.

ಮುದುಕರು ಹೋದ ಮೇಲೆ ನಾನು ದಾಖಲೆ ಕೋಣೆಯ ಪುರಾಣ ಬಿಚ್ಚಿದೆ. ಹೇಗೆ ಜಿಗಣೆಯ ಹಾಗೆ ಅಂಟಿಕೊಂಡ, ಹೇಗೆ ಬಿಡಿಸಿಕೊಂಡೆ. ನನ್ನ ಪರ ಒಂದು ಮಾತು ಬರುತ್ತದೆಂದು ಕಾದೆ. ಇವರು ಉಜ್ಜುವ ಕಲ್ಲು ತೊಳೆಯುತ್ತ ಹೇಳಿದರು: "ಸೆಟ್ಟು ಕೂರ್ಲಿಲ್ಲ ಅಂದ್ರೆ ನಾನು ಅವ್ರ ಬಾಯೇ ಸರಿ ಇಲ್ಲ ಅಂತ ಹೇಳಕ್ಕಾಗುತ್ತಾ? ಬಾಯಿ ಮೊದ್ಲಿಂದ ಅಲ್ಲೇ ಇತ್ತು. ಆಮೇಲೆ ಬಂದಿದ್ದು ನನ್ನ ಸೆಟ್ಟು."

ಹಲ್ಲನ್ನು ಪ್ರೋಗ್ರಾಮಿಗೆ ಹೋಲಿಸುತ್ತಾರೆ ಎಂದು ರೇಗಿದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದಲೇ ತಮ್ಮ ಪಾಲನ್ನೂ ಸೇರಿಸಿದರು. ಅವರ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ್ದು ಬರೆದುಕೊಂಡರಂತೆ. ಎಪ್ಪತ್ತೆಂಟು ವರ್ಷ ಯಾರದೋ ತಾರೀಕಿನಲ್ಲಿ ಬದುಕಿದ್ದೇನೆ, ಆ ಮಕ್ಕಳಿಗಾದರೂ ಅವರವರದು ಸಿಗಲಿ ಎಂದರು. ತಾಯಿ ಮಗ ಇಬ್ಬರೂ ಸೇರಿ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಯಿತು.

ಇರಲಿ. ನಾಳೆ ಬೆಳಿಗ್ಗೆ ಅವನ ಮೂರು ಗಂಟು ತೆರೆದು, ಎಲ್ಲೆಲ್ಲಿ ಹಾಳಾಗಿದೆ ಎಂದು ಅಂಕಿ ಸಮೇತ ತೋರಿಸಿ ಇವರ ಬಾಯಿ ಮುಚ್ಚಿಸುತ್ತೇನೆ.

ಮಾರ್ಚ್ 17, ಸೋಮವಾರ

ಹಾಳಾಗಿಲ್ಲ.

ಮೂರೂ ಚೆನ್ನಾಗಿವೆ. ತಾಳೆ ನೋಡುವುದನ್ನು ನಿಲ್ಲಿಸಿ ಬಿಚ್ಚಿದೆ. ಒಂದಕ್ಷರ ಆಚೀಚೆ ಆಗಿಲ್ಲ. ತಾಯಿಯ ಹೆಸರು, ಮಗುವಿನ ತೂಕ, ಹುಟ್ಟಿದ ಗಂಟೆ ನಿಮಿಷ, ಎಲ್ಲ ಇದೆ.

ಎಂಟರವರೆಗೂ ಹುಡುಕಿದೆ, ಡಿಪೋಗೆ ತಡವಾಯಿತು. ಊಟದ ಬಿಡುವಿನಲ್ಲಿ ಸಿಕ್ಕಿತು. ಒಗೆಯಲು ಬಟ್ಟೆ ಕೊಡುವಾಗ ಹತ್ತು ಹತ್ತು ಎಣಿಸಿ ಚೀಟಿಯಲ್ಲಿ ಬರೆಯುತ್ತೇವಲ್ಲ, ಗಂಟಿನದೂ ಅದೇ ಕ್ರಮ. ಕೊನೆಯ ರಾಶಿ ಸರಿಯಾಗಿ ಹತ್ತೇ ಆಗಿ ಏನೂ ಮಿಗದಿದ್ದರೆ, ನನ್ನ ಮೊದಲ ಆವೃತ್ತಿ ಆ ರಾಶಿಯನ್ನು ಎಣಿಸದೆಯೇ ಚೀಟಿ ಬರೆಯುತ್ತಿತ್ತು. ಬಟ್ಟೆ ಎಲ್ಲ ಇರುತ್ತದೆ, ಚೀಟಿಯಲ್ಲಿ ಮಾತ್ರ ಹತ್ತು ಕಡಿಮೆ. ಒಂಬತ್ತು ವರ್ಷದ ಹಿಂದೆ ಎಲ್ಲವನ್ನೂ ಹೊಸದಾಗಿ ಬರೆದಾಗ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿದೆ. ತಿದ್ದಿದ್ದೇನೆ. ತಿದ್ದಿದ್ದೇನೆ ಎಂದು ಪಕ್ಕದಲ್ಲೇ ಒಂದು ಸಾಲು ಟಿಪ್ಪಣಿಯನ್ನೂ ಬರೆದಿದ್ದೇನೆ, ಭಾರಿ ಜಾಣೆಯ ಹಾಗೆ. ಹಳೆಯ ಚೀಟಿಗಳು ಊರ ತುಂಬ ಇವೆ ಎನ್ನುವುದು ಆ ಜಾಣೆಗೆ ಹೊಳೆಯಲಿಲ್ಲ. ಅವತ್ತಿನಿಂದ ಅಂಥ ಹಳೆಯ ಗಂಟು ತಂದವರಿಗೆಲ್ಲ ಹೊಸ ಆವೃತ್ತಿ ಸರಿಯಾಗಿ ಎಣಿಸಿ, ಸರಿಯಾದ ಬಟ್ಟೆಯನ್ನೇ ಹಾಳಾಗಿದೆ ಎನ್ನುತ್ತಿದೆ.

ಮಾಮೂಲಿ ಕಡತಗಳಲ್ಲಿ ಇದು ಸಾವಿರದಲ್ಲಿ ಒಂದಕ್ಕೆ ಆಗಬಹುದು. ಆಸ್ಪತ್ರೆಯ ನಮೂನೆಗಳು ಎಲ್ಲ ಒಂದೇ ಅಳತೆಯವು, ಖಾಲಿ ಜಾಗವನ್ನೂ ಸೊನ್ನೆಯಿಂದ ತುಂಬಿದ್ದಾರೆ. ಹಾಗಾಗಿ ಕೊನೆಯ ರಾಶಿ ಯಾವಾಗಲೂ ಸರಿಯಾಗಿ ಹತ್ತು, ಅವರದು ಅಷ್ಟೂ ಸಿಕ್ಕಿಬಿದ್ದಿವೆ.

ಬೈಯಲು ಯಾರಾದರೂ ಬೇಕಿತ್ತು. ಹತ್ತೊಂಬತ್ತು ವರ್ಷದಲ್ಲಿ ಈ ಭಾಗವನ್ನು ಮುಟ್ಟಿದವಳು ನಾನೊಬ್ಬಳೇ.

ಸಂಜೆ ಅವನ ಮೊದಲ ದೂರನ್ನು ಪೂರ್ತಿ ಓದಿದೆ. ಮಧ್ಯದ ಪ್ಯಾರಾದಲ್ಲಿ ಹೀಗಿದೆ: "ಪ್ರತಿಯೊಂದು ಗಂಟಿನ ಮೂರು ನಕಲುಗಳು ಮೂರು ಕಪಾಟುಗಳಲ್ಲಿವೆ. ಮೂರಕ್ಕೂ ಒಂದೇ ಮಾತು ಬರುತ್ತದೆ. ಬೇರೆ ಬೇರೆ ಡಿಸ್ಕುಗಳು ಒಂದೇ ಜಾಗದಲ್ಲಿ ಕೆಡುವುದುಂಟೇ ಸರ್?" ಹದಿನಾಲ್ಕು ದಿನದಿಂದ ಅದು ಅಲ್ಲೇ ಇದೆ. ಇಷ್ಟನ್ನು ಮಧ್ಯದಲ್ಲಿ ಯಾಕೆ ಹುದುಗಿಸಬೇಕು, ಮೊದಲ ಸಾಲಿನಲ್ಲಿ ಬರೆಯಲು ಏನಾಗಿತ್ತು ಇವನಿಗೆ?

ಮಾರ್ಚ್ 18, ಮಂಗಳವಾರ

ಹಳೆಯ ಚೀಟಿಯನ್ನೂ ಗುರುತಿಸುವ ಆವೃತ್ತಿಯನ್ನು ಬೆಳಿಗ್ಗೆ ಏಳಕ್ಕೆ ಬಿಟ್ಟೆ. ಒಂಬತ್ತು ವರ್ಷದ ತಪ್ಪಿಗೆ ಹನ್ನೊಂದು ಸಾಲು ಸಾಕಾಯಿತು. ತಡೆ ತೆಗೆದು, ಕ್ಷಮೆ ಕೇಳಿ, ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಬರೆದು, ನನ್ನ ಫೋನ್ ನಂಬರನ್ನೂ ಕೊಟ್ಟೆ. ಯಾರಿಗೂ ಕೊಟ್ಟವಳಲ್ಲ.

ಉತ್ತರವಿಲ್ಲ. ಡಿಪೋದಲ್ಲಿ ಹತ್ತು ನಿಮಿಷಕ್ಕೊಮ್ಮೆ ನೋಡಿದೆ. ಬೇಡವೆಂದಾಗ ಮೇಲಿಂದ ಮೇಲೆ ಬರೆಯುತ್ತಿದ್ದವನು, ಬೇಕೆಂದಾಗ ಎಲ್ಲಿ ಹೋದ?

ಮಾರ್ಚ್ 20, ಗುರುವಾರ

ದೂರಿನಲ್ಲಿದ್ದ ವಿಳಾಸದಿಂದ ಆಸ್ಪತ್ರೆಯ ನಂಬರು ಹುಡುಕಿ ಡಿಪೋದ ಫೋನಿನಿಂದ ಮಾತಾಡಿದೆ. ಮೊದಲು ಸ್ವಾಗತದವಳು, ಆಮೇಲೆ ಸಂಗೀತ, ಆಮೇಲೆ ಯಾವುದೋ ವಾರ್ಡು, ಮತ್ತೆ ಸಂಗೀತ, ಕೊನೆಗೆ ಕಚೇರಿಯ ಹೆಡ್ ಕ್ಲರ್ಕು. ದಾಖಲೆ ಕೋಣೆಯವರು ರಜೆಯಲ್ಲಿದ್ದಾರೆ ಎಂದರು. ಡಿಸ್ಕುಗಳ ವಿಷಯ ಎತ್ತಿದೆ. ಅವನ್ನು ಹೋದ ಶನಿವಾರವೇ ಕೊಟ್ಟು ಅಳಿಸಿಯಾಯಿತಲ್ಲ ಎಂದರು.

ಮೂವತ್ತೊಂದರವರೆಗೆ ಸಮಯ ಇತ್ತಲ್ಲ ಎಂದೆ.

"ಪುರಾವೆ ಸಿಕ್ಮೇಲೆ ಕಾಯೋದೇನು ಮೇಡಂ? ಆ ಪ್ರೋಗ್ರಾಂ ಮಾಡಿದವ್ರೇ ಬರ್ಕೊಟ್ಟಿದಾರೆ, ತಡೀರಿ" ಎಂದು ಕಾಗದ ಹುಡುಕಿ ಓದಿದರು. "ತಾಳೆಯಾಗದ ಕಡತ ಹಾಳಾಗಿದೆ. ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ." ಅಷ್ಟೇ ಅಲ್ಲ, ಕೆಳಗೆ ನನ್ನ ಹೆಸರಿದೆಯಂತೆ. ಮೂರು ಸಲ ಬರೆದದ್ದರಿಂದ ಮೂರು ಪ್ರತಿ ಮುದ್ರಿಸಿ, ಆದೇಶಕ್ಕೆ ಲಗತ್ತಿಸಿ, ಮೇಲಿನವರ ಸಹಿ ಹಾಕಿಸಿದ್ದಾರೆ.

ನಲವತ್ತು ಪುಟದ ಕೈಪಿಡಿಯನ್ನು ಯಾರೂ ಓದಲಿಲ್ಲ. ಹೊಸ ಆವೃತ್ತಿ ಬಿಟ್ಟಾಗೆಲ್ಲ ಕೈಮುಗಿದು ಬರೆಯುವ ಎಚ್ಚರಿಕೆಗಳನ್ನು ಯಾರೂ ಓದಲಿಲ್ಲ. ಯೋಚಿಸದೆ ಅಂಟಿಸಿದ ಎರಡು ಸಾಲನ್ನು ಮಾತ್ರ ಒಂದಿಡೀ ಕಚೇರಿ ಓದಿ, ತಲೆಯ ಮೇಲಿಟ್ಟುಕೊಂಡು, ಅಕ್ಷರಶಃ ಪಾಲಿಸಿದೆ. ನನ್ನನ್ನು ನಂಬಲು ಇವರಿಗೆ ಯಾರು ಹೇಳಿದರು?

ಮಾರ್ಚ್ 21, ಶುಕ್ರವಾರ

ಸರದಿ ಪಟ್ಟಿಯಲ್ಲಿ ಒಬ್ಬನೇ ಚಾಲಕನಿಗೆ ಒಂದೇ ಹೊತ್ತಿಗೆ ಎರಡು ಬಸ್ಸು ಕೊಟ್ಟಿದ್ದೆ. ಅವನು ನಗುತ್ತ ಬಂದು ತೋರಿಸಿದ. ನಗಬಾರದಿತ್ತು.

ಮಾರ್ಚ್ 22, ಶನಿವಾರ

ಉಳಿದಿರುವುದು ನನ್ನ ಬಳಿ ಇರುವ ಮೂರು ಗಂಟು. ಕೂತು ಎಣಿಸಿದೆ. ಇ‌ನ್ನೂರ ಹತ್ತೊಂಬತ್ತು ಮಕ್ಕಳು, ಮೂವತ್ತು ಸಾವಿರದಲ್ಲಿ.

ಒಂದು ದಾಖಲೆಯಲ್ಲಿ ಷರಾ ಎನ್ನುವ ಕಡೆ "ತಡವಾಗಿ ಅತ್ತಿತು" ಎಂದಿದೆ. ಹೆಣ್ಣು ಮಗು, ಬೆಳಗಿನ ಜಾವ ನಾಲ್ಕು ಹತ್ತು. ಬೇರೆ ಯಾವುದರಲ್ಲೂ ಷರಾ ಇಲ್ಲ. ಅಷ್ಟು ಅವಸರದಲ್ಲಿ ಅದನ್ನೊಂದು ಯಾರು ಬರೆದರೋ.

ಇವರು ಊಟಕ್ಕೆ ಕರೆದರು. ಆಮೇಲೆ ತಟ್ಟೆಯನ್ನು ಇಲ್ಲಿಗೇ ತಂದಿಟ್ಟರು. ಅದಕ್ಕೂ ಸಿಟ್ಟು ಬಂತು. ಬೈಯಬೇಕಿತ್ತು.

ಮಾರ್ಚ್ 24, ಸೋಮವಾರ

ಊಟದ ಬಿಡುವಿನಲ್ಲಿ ಫೋನು ಬಂತು. "ನಾನು ದಾಖಲೆ ಕೋಣೆ" ಎಂದಿತು ಒಂದು ಹೆಂಗಸಿನ ದನಿ.

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದರಂತೆ. ಬೆನ್ನು ನೋವು ಶುರುವಾದ ಮೇಲೆ ದಾಖಲೆ ಕೋಣೆಗೆ ಹಾಕಿದರಂತೆ. ರಜೆ ಮುಗಿಸಿ ಇವತ್ತು ಬಂದು ನನ್ನ ಪತ್ರ ನೋಡಿದ್ದಾರೆ. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಚೀಟಿ, ಹತ್ತರ ರಾಶಿ, ಹನ್ನೊಂದು ಸಾಲು, ಹೆಡ್ ಕ್ಲರ್ಕು. ಎರಡು ಸಲ ಹೇಳಿದೆನೋ ಏನೋ. ಆಕೆ ಪೂರ್ತಿ ಕೇಳಿದರು. ಕೇಳಿ, ಅಳಿಸಲು ಕೊಟ್ಟದ್ದು ಎರಡು ಕಪಾಟಿನದು ಮಾತ್ರ ಎಂದರು. ಮೂರನೆಯದನ್ನು ಹಿಂದಿನ ದಿನವೇ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ದಿದ್ದಾರೆ. ಮಗನ ಹಳೆಯ ಸ್ವೆಟರುಗಳ ಮಧ್ಯೆ ಇದೆಯಂತೆ. ನೌಕರಿ ಇನ್ನು ಎಂಟೇ ತಿಂಗಳು, ಏನು ಮಾಡುತ್ತಾರೋ ಮಾಡಲಿ ಎಂದರು.

ಹಾಳಾಗಿದೆ ಎಂದು ನಾನೇ ಮೂರು ಸಲ ಬರೆದಿದ್ದೆನಲ್ಲ, ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ.

"ನೀವು ಬರೆದಿದ್ದನ್ನ ನಾನು ನಂಬ್ಲಿಲ್ಲ ಮೇಡಂ. ನೀವು ಓದಿಲ್ಲ ಅಂತ ಗೊತ್ತಾಗ್ತಿತ್ತು."

ಮುಖಕ್ಕೆ ಹೊಡೆದ ಹಾಗೆ ಹೇಳಿದರು, ಒಂಚೂರೂ ಸಿಟ್ಟಿಲ್ಲದೆ. ಸಂಜೆ ಮನೆಗೆ ಹೋಗಿ ಹೊಸ ಆವೃತ್ತಿ ಹಾಕಿಕೊಂಡು ಮತ್ತೆ ಫೋನು ಮಾಡಿದರು. ಒಂದೊಂದೇ ಗಂಟು ಬಿಚ್ಚುತ್ತ ಸಂಖ್ಯೆ ಹೇಳುತ್ತಿದ್ದರು, ನಾನು ಇಲ್ಲಿ ಗೀಟು ಹಾಕುತ್ತಿದ್ದೆ. ಅತ್ತೆಯೂ ಪಕ್ಕದಲ್ಲಿ ಬಂದು ಕೂತರು. ನಾನೂರ ಹನ್ನೆರಡೂ ಬಿಚ್ಚಿಕೊಂಡವು. ಮುಗಿದಾಗ ಆ ಷರಾ ನೀವು ಬರೆದದ್ದೇ ಎಂದು ಕೇಳಬೇಕೆಂದಿದ್ದೆ, ಗೀಟುಗಳನ್ನು ಮತ್ತೆ ಎಣಿಸುವುದರಲ್ಲಿ ಹಾಗೇ ಉಳಿಯಿತು.

ಮಾರ್ಚ್ 27, ಗುರುವಾರ

ಮೂರು ದಿನ ಗಾಳಿಯಲ್ಲಿ ತೇಲಿದ ಹಾಗೆ ಓಡಾಡಿದೆ. ಆ ಮೂವರು ಚಾಲಕರಿಗೂ ಒಂದೇ ದಿನ ರಜೆ ಕೊಟ್ಟೆ. ಇವತ್ತು ಡಿಪೋದ ಮೆಟ್ಟಿಲು ಇಳಿಯುವಾಗ ಸುಮ್ಮನೆ ಒಂದು ಯೋಚನೆ ಬಂತು. ಆಕೆ ನಂಬಲಿಲ್ಲ, ಉಳಿಯಿತು. ನಂಬಿದವರು?

ಮನೆಗೆ ಬಂದವಳೇ ಒಂಬತ್ತು ವರ್ಷದ ಹಳೆಯ ದೂರುಗಳಲ್ಲಿ ನನ್ನ ಆ ಉತ್ತರವನ್ನು ಹುಡುಕಿದೆ. ದಾಖಲೆ ಕೋಣೆಯದನ್ನು ಬಿಟ್ಟು ಎಪ್ಪತ್ತೊಂದು ಕಡೆ ಅಂಟಿಸಿದ್ದೇನೆ. ಒಂದೊಂದನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದೆ. ಕೆಲವು ನಿಜವಾಗಿಯೂ ಕೆಟ್ಟ ಡಿಸ್ಕುಗಳು. ನಲವತ್ತಮೂರು ಮೊದಲ ಆವೃತ್ತಿಯಲ್ಲಿ ಕಟ್ಟಿದವು. ಅಷ್ಟೂ ಜನಕ್ಕೆ ಸುಳ್ಳು ಹೇಳಿದ್ದೇನೆ, ಸರಾಸರಿ ಹತ್ತು ನಿಮಿಷದಲ್ಲಿ. ಮುಚ್ಚಿದ್ದನ್ನು ಮತ್ತೆ ತೆರೆದು ಜಗಳಕ್ಕೆ ಬಂದವರು ಒಬ್ಬರೂ ಇಲ್ಲ. "ಬೇಗ ಉತ್ತರಿಸಿದ್ದಕ್ಕೆ ಧನ್ಯವಾದ" ಎಂದು ಮೂವತ್ತೊಂಬತ್ತು ಜನ ಬರೆದಿದ್ದಾರೆ. ಯಾಕಷ್ಟು ಮರ್ಯಾದೆ ಇವರಿಗೆಲ್ಲ? ಒಬ್ಬರಾದರೂ ಇನ್ನೊಂದು ಸಲ ಬಾಗಿಲು ಬಡಿಯಬಾರದಿತ್ತೇ? ನಾಲ್ಕು ಸಲ ಬಡಿದಿದ್ದರೆ ನನಗೆ ಯಾವತ್ತೋ ತಿಳಿಯುತ್ತಿತ್ತು.

ನಾಲ್ಕು ಸಲ ಬಡಿದವರಿಗೆ ಏನು ಮಾಡಿದೆನೆಂದು ನೆನಪಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಮಾರ್ಚ್ 29, ಶನಿವಾರ

ನಲವತ್ತಮೂರು ಜನಕ್ಕೂ ಬರೆಯುತ್ತಿದ್ದೇನೆ. ಅಂಟಿಸುವುದಿಲ್ಲ. ಪ್ರತಿಯೊಬ್ಬರು ಅವತ್ತು ಏನು ಬರೆದಿದ್ದರೋ ಓದಿ, ಅದಕ್ಕೆ ಉತ್ತರ. ಒಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಭಾಷೆಯ ಮಹಾನುಭಾವರು ಇನ್ನೇನನ್ನೋ ಕಿತ್ತಿದ್ದಾರೆ, ಒಂಬತ್ತು ಹೊಸ ದೂರು ಬಂದಿವೆ, ಬಂದಿರಲಿ.

ಐದು ಉತ್ತರ ಬಂದಿವೆ. ಒಬ್ಬರು ಹಳೆಯ ಡಿಸ್ಕನ್ನು ಎಸೆದಿರಲಿಲ್ಲ, ಕಟ್ಟಡದ ನಕ್ಷೆಗಳು ಸಿಕ್ಕವು. ಇನ್ನೊಬ್ಬರಿಗೆ ಏನು ಕಟ್ಟಿದ್ದೆ ಎನ್ನುವುದೇ ಮರೆತುಹೋಗಿದೆ. ಒಬ್ಬಾಕೆ ನಗುವ ಮುಖ ಕಳಿಸಿದ್ದಾರೆ, ಪರವಾಗಿಲ್ಲ ಬಿಡಿ ಎಂದು. ಇವರು ಹಿಂದಿನಿಂದ ಬಗ್ಗಿ ಓದಿ, ನೋಡು, ಯಾರೂ ತಿಂದುಹಾಕಲಿಲ್ಲವಲ್ಲ ಎಂದರು.

ಗಂಟು ಹೇಳುವ ಮಾತನ್ನೂ ಬದಲಾಯಿಸಿದೆ. ಇನ್ನು ತಾಳೆಯಾಗದಿದ್ದರೆ "ನನಗೆ ಬಿಚ್ಚಲು ಬರುತ್ತಿಲ್ಲ, ಅಳಿಸಬೇಡಿ" ಎನ್ನುತ್ತದೆ. ಒಂದು ಲೈಬ್ರರಿ ಹೀಗೆ ನಾನು ನೀನು ಎಂದು ಮಾತಾಡಬಾರದು, ಇದು ಬಾಲಿಶ ಎಂದು ಅರ್ಧ ಗಂಟೆಯೊಳಗೇ ಒಬ್ಬ ದೂರು ಹಾಕಿದ್ದಾನೆ. ಹಾಕಲಿ. ಈ ವಿಷಯದಲ್ಲಿ ನಾನು ಎಳ್ಳಷ್ಟೂ ಬಗ್ಗುವವಳಲ್ಲ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಐದೂಕಾಲಿಗೆ ಬಂದ ಉತ್ತರ. ಏಳು ವರ್ಷದ ಹಿಂದಿನ ದೂರು ಅದು. ಹಳೆಯ ಧ್ವನಿಮುದ್ರಣ ಯಂತ್ರದ ಕಡತಗಳು. ಆ ಯಂತ್ರಗಳೂ ಆಸ್ಪತ್ರೆಯ ನಮೂನೆಯ ಹಾಗೆ ಒಂದೇ ಅಳತೆಯಲ್ಲಿ ತುಂಬಿ ಬರೆಯುತ್ತಿದ್ದವು. ಅವತ್ತು ನಾನು ಆರು ನಿಮಿಷದಲ್ಲಿ ಮುಚ್ಚಿದ್ದೆ. ಇಲ್ಲಿ ಹಾಗೇ ಬರೆದುಕೊಳ್ಳುತ್ತೇನೆ:

"ನಮಸ್ಕಾರ. ನನಗೆ ನೆನಪಿದೆ. ಅದರಲ್ಲಿ ನನ್ನ ತಂಗಿಯ ದನಿ ಇತ್ತು. ಕೊನೆಯ ಎರಡು ತಿಂಗಳು ಆಸ್ಪತ್ರೆಯಿಂದ ದಿನವೂ ಮಾತಾಡಿ ಕಳಿಸುತ್ತಿದ್ದಳು. ಆಮೇಲೆ ಕೇಳೋಣವೆಂದು ಕಟ್ಟಿಟ್ಟಿದ್ದೆ. ಹಾಳಾಗಿದೆ ಎಂದು ನೀವು ಹೇಳಿದ ಮೇಲೆ ಒಂದು ವರ್ಷ ಇಟ್ಟುಕೊಂಡು ಅಳಿಸಿದೆ. ಅವಳಂತೆ ಅದೂ ಹೋಯಿತು, ಯಾರ ಕೈಯಲ್ಲೂ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಯಾಕೆ ಹೇಳಿದಿರಿ?"

ಡಿಪೋಗೆ ಹೋಗಲಿಲ್ಲ. ಮೊದಲು ಚೀಟಿ, ಹತ್ತರ ರಾಶಿ ಎಂದು ವಿವರಿಸಿ ಒಂದು ಪುಟ ಬರೆದೆ. ಅಳಿಸಿದೆ. ನಿಮಗೆ ಗೊತ್ತಿರುವುದು ನ್ಯಾಯ ಎಂದು ಬರೆದೆ. ಅದು ನ್ಯಾಯವೋ, ನನ್ನ ಎದೆ ಹಗುರ ಮಾಡಿಕೊಳ್ಳಲು ಬರೆದದ್ದೋ ಎಂದು ಆತ ಕೇಳಿದರೆ ಏನು ಹೇಳಲಿ? ಅದನ್ನೂ ಅಳಿಸಿದೆ. ಅತ್ತೆ ಬಂದು ಭುಜ ಹಿಡಿದುಕೊಂಡು ಏನಾಯಿತು ಎಂದರು. ಓದಿ ಹೇಳಿದೆ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು.

ಕೊನೆಗೆ, ಅದು ಕೆಟ್ಟಿರಲಿಲ್ಲ, ತಪ್ಪು ನನ್ನದು, ನಿಮ್ಮ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ ಎಂದು ಮೂರು ಮಾತು ಬರೆದು ಕಳಿಸಿದೆ.

ಆತನ ಆ ಹಳೆಯ ದೂರನ್ನು ನಾನೇ ಮತ್ತೆ ತೆರೆದೆ. ಸರಿಮಾಡಲು ಅದರಲ್ಲಿ ಏನೂ ಇಲ್ಲ, ಯಾವ ಆವೃತ್ತಿಯೂ ಅದನ್ನು ಸರಿಮಾಡುವುದಿಲ್ಲ. ಮಧ್ಯಾಹ್ನ ಇಬ್ಬರು ದಾರಿಹೋಕರು ಬಂದು, ಏಳು ವರ್ಷ ಹಳೆಯದು, ಇದಕ್ಕೆ ಪರಿಹಾರವಿಲ್ಲವಲ್ಲ, ಮುಚ್ಚಬಾರದೇ ಎಂದು ಕೇಳಿದ್ದಾರೆ. ಮುಚ್ಚುವುದಿಲ್ಲ ಎಂದು ಇಬ್ಬರಿಗೂ ಬರೆದೆ.